ಗಡಿಕಲ್ಲು ದಾಟಿದ ಬಂಗಡೆ

ನನ್ನಲ್ಲಿ ಒಂದು ಕೆಟ್ಟ ಗುಣವಿದೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಬಂದವರು ಹೋಗದಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬರುವುದಕ್ಕೆ ನನ್ನ ತಕರಾರಿಲ್ಲ. ಬನ್ನಿ, ಕೂತುಕೊಳ್ಳಿ, ಚಹಾ ಕುಡಿಯಿರಿ, ಸೀಸನ್ನಿದ್ದರೆ ಒಂದು ಈಶಾಡ ಮಾವಿನಹಣ್ಣನ್ನೂ ಹೆಚ್ಚಿಕೊಡುತ್ತೇನೆ, ಆಮೇಲೆ ದಯವಿಟ್ಟು ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹಿಡಿಯಿರಿ. ಇಷ್ಟು ಸರಳವಾದ ನಿಯಮ ಮನುಷ್ಯರಿಗೂ ತಿಳಿಯುವುದಿಲ್ಲ, ಗಿಡಗಳಿಗೂ ತಿಳಿಯುವುದಿಲ್ಲ. ಮನುಷ್ಯರನ್ನು ತಿದ್ದುವುದು ನನ್ನ ಕೆಲಸವಾಗಿರಲಿಲ್ಲ. ಆದರೆ ಗಿಡಗಳ ಮೇಲೆ ನಾನು ಸಂಬಳ ಪಡೆದು ಸಿಟ್ಟು ಮಾಡಿದವಳು. ಕಾರವಾರದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಕಲಿಸಿದೆ. ಅಂಕೋಲೆಯಿಂದ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಆಕ್ರಮಣಕಾರಿ ಸಸ್ಯಗಳು. ಲಂಟಾನ, ಅಕೇಶಿಯಾ, ಊರವರು ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಆ ಪೊದೆ. ಯಾರ ಅಪ್ಪಣೆಯನ್ನೂ ಕೇಳದೆ ಗುಡ್ಡ ಹತ್ತಿ ಕೂರುವ ಪೋಕರಿಗಳು ಅವೆಲ್ಲ.

ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿದ ದಿನ ಪಕ್ಕದಲ್ಲಿ ಕೂತವರ ಗ್ರಹಚಾರ ಕೆಟ್ಟಿತೆಂದೇ ತಿಳಿಯಬೇಕು. "ಅದು ನೋಡಿ, ಆ ಗುಡ್ಡದ ತುಂಬ ಕಾಣುವ ಮರ, ಅದು ನಮ್ಮ ಕಡೆಯದೇ ಅಲ್ಲ" ಎಂದು ಶುರುಮಾಡುತ್ತಿದ್ದೆ. ಅವರ್ಸಾ ಬರುವಷ್ಟರಲ್ಲಿ ಅವರು ಕಣ್ಣುಮುಚ್ಚಿ ನಿದ್ದೆಯ ನಾಟಕ ಆಡುತ್ತಿದ್ದರು. ತರಗತಿಯಲ್ಲಿ ಕೂತವರಿಗೆ ಆ ಸೌಲಭ್ಯವಿರಲಿಲ್ಲ. ಒಂದು ಸಲ ಮಾತ್ರ ವೈಶಾಲಿ ಎಂಬ ಹುಡುಗಿ, ಕಾರವಾರದವಳೇ, ಎರಡು ಜಡೆಯವಳು, ಎದ್ದು ನಿಂತು ಕೇಳಿದಳು: "ಮೇಡಂ, ಗೇರು ಕೂಡಾ ಹೊರಗಿನಿಂದ ಬಂದದ್ದಲ್ವಾ? ಮೆಣಸಿನಕಾಯಿ? ಪಪ್ಪಾಯಿ? ಅದನ್ನೆಲ್ಲ ಎಂತಕ್ಕೆ ಬೈಯುದಿಲ್ಲ ನೀವು?" ಇಡೀ ತರಗತಿ ನನ್ನ ಮುಖ ನೋಡಿತು. ಹೊರಗಿನಿಂದ ಬಂದದ್ದೆಲ್ಲ ಆಕ್ರಮಣಕಾರಿಯಲ್ಲ, ಬಂದ ಮೇಲೆ ತನ್ನ ಜಾಗ ಬಿಟ್ಟು ಹಬ್ಬಿ ಉಳಿದವರ ಉಸಿರು ಕಟ್ಟಿಸುವುದು ಮಾತ್ರ ಆಕ್ರಮಣಕಾರಿ ಎಂದು ಪುಸ್ತಕದ ಉತ್ತರ ಕೊಟ್ಟು ಕೂರಿಸಿದೆ. ನಿಜ ಹೇಳಬೇಕೆಂದರೆ ನನಗೆ ಗೇರುಬೀಜ ಇಷ್ಟ, ಅಷ್ಟೇ. ನಮಗೆ ಬೇಕಾದವರು ಬಂದರೆ ವಲಸೆ, ಬೇಡದವರು ಬಂದರೆ ಆಕ್ರಮಣ.

ಹಾಗೆ ನೋಡಿದರೆ ನಾನೂ ಹೊರಗಿನವಳೇ. ಹಾವೇರಿ ಕಡೆಯ ಸಸ್ಯಾಹಾರಿ ಮನೆಯವಳು. ಗಣಿತ ಕಲಿಸುತ್ತಿದ್ದ ಸಹೋದ್ಯೋಗಿಯನ್ನು ಮೆಚ್ಚಿ ಮದುವೆಯಾಗಿ, ಮೀನಿಲ್ಲದ್ದು ಊಟವೇ ಅಲ್ಲ ಎನ್ನುವ ಅಂಕೋಲೆಯ ಮನೆಗೆ ಬಂದೆ. ಬಂದ ಮೊದಲ ವಾರವೇ ಒಂದು ಕರಾರಾಯಿತು. ನಮ್ಮ ಹಿತ್ತಲಿನ ನಟ್ಟನಡುವೆ, ತೆಂಗಿನಮರದ ಬುಡದಲ್ಲಿ, ಹಳೆಯದೊಂದು ಗಡಿಕಲ್ಲಿದೆ. ಜಾಗ ಎರಡು ಸರ್ವೇ ನಂಬರಾಗಿದ್ದ ಕಾಲದ್ದು. ಮೀನು ಆ ಕಲ್ಲಿನ ಆಚೆ, ನಾನು ಈಚೆ. ಅತ್ತೆ ಬದುಕಿರುವವರೆಗೆ ಕಲ್ಲಿನ ಆಚೆ ಒಂದು ಒಲೆ ಉರಿಯುತ್ತಿತ್ತು. ಅವರು ಹೋದ ಮೇಲೆ ಒಲೆಯೂ ಆರಿತು. ನಮ್ಮವರು ಜಗಳಗಂಟರಲ್ಲ, ವಾರಕ್ಕೆರಡು ಸಲ "ಸ್ವಲ್ಪ ಪೇಟೆಗೆ ಹೋಗಿ ಬರ್ತೆ" ಎಂದು ಹೋಗಿ, ಬಾಯಲ್ಲಿ ಏಲಕ್ಕಿ ಅಗಿಯುತ್ತ ಬರುತ್ತಿದ್ದರು. ಯಾವ ಖಾನಾವಳಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಮ್ಮ ದಾಂಪತ್ಯ ಆ ಏಲಕ್ಕಿಯ ಆಧಾರದ ಮೇಲೆ ಚೆನ್ನಾಗಿಯೇ ನಡೆದಿತ್ತು.

ಕಲ್ಲಿನ ಈಚೆ ನನ್ನ ರಾಜ್ಯ. ಬೇಕಾದ ಗಿಡಗಳನ್ನೆಲ್ಲ ತಂದು ನೆಟ್ಟೆ. ಪ್ರತಿ ಗಿಡದ ಬುಡಕ್ಕೂ ಅಲ್ಯೂಮಿನಿಯಂ ತಗಡಿನ ಚೀಟಿ ಚುಚ್ಚಿ, ಅದರ ಮೇಲೆ ಮೊಳೆಯಿಂದ ಶಾಸ್ತ್ರೀಯ ಹೆಸರು, ತಂದ ಜಾಗ, ನನ್ನ ಇನಿಶಿಯಲ್ಲು ಗೀಚುವುದು ನನ್ನ ಕ್ರಮ. "ತುಳಸಿಗೂ ಬೋರ್ಡು ಹಾಕಿದ್ಯಲ್ಲೆ ಮಾರಾಯ್ತಿ!" ಎಂದು ಬಂದವರು ನಗುತ್ತಿದ್ದರು. ನಗಲಿ. ಇಂಥ ಶಿಸ್ತಿನ ತೋಟಕ್ಕೆ ಒಂದು ದರಿದ್ರ ವಕ್ಕರಿಸಿತು: ಸಿಂಗಾಪುರ ಡೇಸಿ. ನೆಲದ ಮೇಲೆ ಹರಿಯುವ ಬಳ್ಳಿ, ಹಳದಿ ಹೂವು, ನೋಡಿದರೆ ಎಷ್ಟು ಸಾಧು! ಗೆಣ್ಣು ನೆಲ ಮುಟ್ಟಿದಲ್ಲೆಲ್ಲ ಬೇರು. ಕಿತ್ತು ಬಿಸಾಡಿದರೆ ಬಿದ್ದಲ್ಲಿ ಬೇರು. ಶಂಖಪುಷ್ಪ, ಒಂದೆಲಗ, ನೆಲನೆಲ್ಲಿ ಎಲ್ಲವನ್ನೂ ಮುಚ್ಚಿ ಅದರ ಮೇಲೆ ಹಾಸಿಗೆ ಹಾಸಿದಂತೆ ಮಲಗಿಬಿಟ್ಟಿತು. ಇದು ಎಲ್ಲಿಂದ ಬಂತೆಂದು ನಾನು ಬಹಳ ಯೋಚನೆ ಮಾಡಬೇಕಾಗಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ನಾದಿನಿ ಸುಮಿತ್ರಾ ಕುಮಟೆಯಿಂದ ಒಂದು ಕುಂಡ ದಾಸವಾಳ ತಂದಿದ್ದಳು. ಆ ಕುಂಡದ ಮಣ್ಣಿನಲ್ಲೇ ಬಂದಿರಬೇಕು. ಬಂದಿರಬೇಕು ಎಂದದ್ದು ಮೊದಲ ವರ್ಷ. ಎರಡನೇ ವರ್ಷದಿಂದ ಬಂದದ್ದೇ ಹಾಗೆ ಎಂದು ಸಿಕ್ಕವರಿಗೆಲ್ಲ ಹೇಳತೊಡಗಿದೆ.

ಈ ಸುಮಿತ್ರಾ ನಮ್ಮವರ ತಂಗಿ. ಕುಮಟೆಯಲ್ಲಿ ಸರ್ವೇ ಇಲಾಖೆಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ; "ಯಾರ ಪಹಣಿಯಲ್ಲೂ ನನ್ನ ಹೆಸರು ಸೇರ್ಲಿಲ್ಲ" ಎಂದು ತಾನೇ ಹೇಳಿ ನಗುತ್ತಾಳೆ. ಈ ವರ್ಷ ಏಪ್ರಿಲ್‌ನಲ್ಲಿ ಮಂಜಗುಣಿಯ ಒಂದು ಮದುವೆಗೆಂದು ಬಂದಳು. "ಎರಡೇ ದಿನ ವೈನಿ" ಎಂದಳು. ಮದುವೆಯಾಯಿತು, ಬೀಗರೂಟವಾಯಿತು, ಮದುಮಕ್ಕಳು ದೇವಸ್ಥಾನಗಳನ್ನೆಲ್ಲ ಸುತ್ತಿ ಬಂದರು, ಇವಳ ಚೀಲ ಮಾತ್ರ ನಮ್ಮ ಕೋಣೆಯಲ್ಲೇ ಇತ್ತು. ಬೆರಳು ಕೊಟ್ಟರೆ ಹಸ್ತ ನುಂಗುವವರೆಂದರೆ ಇವರೇ. ಮೊದಲು ಕಪಾಟಿನ ಒಂದು ಹಲಗೆ ಹೋಯಿತು. ಆಮೇಲೆ ಟಿವಿಯ ರಿಮೋಟು. ಆಮೇಲೆ ನನ್ನ ಕಿಟಕಿ ಪಕ್ಕದ ಕುರ್ಚಿ. ಬೆಳಿಗ್ಗೆ ಎದ್ದು ಡೇಸಿ ಕೀಳುವ ಕೆಲಸವನ್ನೂ ಯಾರೂ ಹೇಳದೆ ತಾನೇ ವಹಿಸಿಕೊಂಡಳು. ಮಾಡಿದ ಪಾಪ ತೊಳೆದುಕೊಳ್ಳುತ್ತಿದ್ದಾಳೆ, ತೊಳೆದುಕೊಳ್ಳಲಿ ಎಂದು ನಾನು ಸುಮ್ಮನಿದ್ದೆ.

ಆದರೆ ಮೀನಿನ ವಿಷಯದಲ್ಲಿ ಸುಮ್ಮನಿರುವುದು ಹೇಗೆ? ಒಂದು ದಿನ ಹಿತ್ತಲಿಗೆ ಹೋದರೆ ಕಲ್ಲಿನ ಆಚೆ ಅತ್ತೆಯ ಹಳೇ ಒಲೆ ಉರಿಯುತ್ತಿದೆ! ಹೆಂಚಿನ ಮೇಲೆ ಬಂಗಡೆ. ನಮ್ಮವರು ಮಣೆ ಹಾಕಿಕೊಂಡು, ಎಪ್ಪತ್ತರ ಹತ್ತಿರದ ಮನುಷ್ಯ, ಬಾಲವಾಡಿಯ ಮಗುವಿನಂತೆ ತಟ್ಟೆ ಹಿಡಿದು ಕಾಯುತ್ತ ಕೂತಿದ್ದಾರೆ. ನನ್ನನ್ನು ಕಂಡು ಎದ್ದು ನಿಂತರು. ಸುಮಿತ್ರಾ ಮಾತ್ರ ಕಣ್ಣೆತ್ತಲಿಲ್ಲ. "ಕಲ್ಲಿನ ಆಚೆಯೇ ಇದೆ ವೈನಿ. ಬೇಕಾದ್ರೆ ಟೇಪು ತಂದು ಅಳತೆ ಮಾಡು" ಎಂದಳು. ಅಳತೆ ಸರಿಯಾಗಿಯೇ ಇತ್ತು, ಇಲಾಖೆಯಲ್ಲಿದ್ದವಳಲ್ಲವೇ. ಮುಂದಿನ ವಾರ ಗಾಳಿ ಜೋರೆಂದು ಒಲೆ ಕಲ್ಲಿನ ಪಕ್ಕಕ್ಕೆ ಬಂತು. ಒಂದು ಸಂಜೆ ಮಳೆ ಹನಿಯಿತೆಂದು ಬಚ್ಚಲಿನ ಮಾಡಿನ ಕೆಳಗೆ ಬಂತು. ಡೇಸಿಯೂ ಹೀಗೆಯೇ, ಗೆಣ್ಣು ಗೆಣ್ಣಾಗಿ. ನಮ್ಮವರ ಏಲಕ್ಕಿಯ ಡಬ್ಬಿ ಮಾತ್ರ ತುಂಬಿದ್ದು ತುಂಬಿದಂತೆಯೇ ಇತ್ತು.

ಈ ಯುದ್ಧಕ್ಕೆ ನಾನು ಸೆರಗು ಕಟ್ಟಿ ನಿಲ್ಲುವಷ್ಟರಲ್ಲಿ, ಒಂದು ದಿನ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಬಟಾಣಿಯಷ್ಟು ಒಂದು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಏನಿಲ್ಲ. ಸುಮ್ಮನೆ ಕೂತಿದೆ. ನಮ್ಮವರಿಗೆ ಹೇಳುವಂತಿಲ್ಲ, ಅವರು ನೆಗಡಿಗೂ ದೇವರಿಗೆ ಹರಕೆ ಹೊರುವ ಜಾತಿ. ಒದ್ದೆ ಕೂದಲಿನಲ್ಲೇ ಅಡುಗೆಮನೆಗೆ ಬಂದು ನಿಂತೆ. ಸುಮಿತ್ರಾ ಕಾಯಿ ತುರಿಯುತ್ತಿದ್ದವಳು ಮುಖ ನೋಡಿದಳು. "ಎಂತದು?" ಎಂದಳು. ಹೇಳಿದೆ. ಈಳಿಗೆ ಬದಿಗಿಟ್ಟು, ಕೈ ತೊಳೆದು, "ಸೀರೆ ಉಡು. ಒಂಬತ್ತೂವರೆಗೆ ಕಾರವಾರ ಬಸ್ಸದೆ" ಎಂದಳು. ಅಷ್ಟೇ. ಅಯ್ಯೋ ಪಾಪ ಎನ್ನಲಿಲ್ಲ, ದೇವರಿದ್ದಾನೆ ಎನ್ನಲಿಲ್ಲ. ಆವತ್ತು ನನಗೆ ಕಿಟಕಿಯ ಸೀಟು ಸಿಕ್ಕಿತು. ಒಂದು ಗಿಡದ ಹೆಸರೂ ಬಾಯಿಗೆ ಬರಲಿಲ್ಲ.

ಕಾರವಾರದಲ್ಲಿ ಡಾಕ್ಟರ ಕೋಣೆಯಲ್ಲಿ ಕೂತಿದ್ದವಳು ಯಾರು? ಗೇರಿನ ಪ್ರಶ್ನೆ ಕೇಳಿದ ಅದೇ ವೈಶಾಲಿ. ಜಡೆ ಹೋಗಿ ಸರ್ಜನ್ ಆಗಿದ್ದಾಳೆ. ಎದ್ದು ನಿಂತು ನಮಸ್ಕಾರ ಮಾಡಿದಳು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ವಾರ ಕಳೆದು ಮತ್ತೆ ಕರೆದಳು. ಹಾಲಿನ ನಾಳದ ಒಳಗೆ ಕೆಟ್ಟ ಜೀವಕೋಶಗಳಿವೆ ಎಂದು ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದಳು. "ಸದ್ಯಕ್ಕೆ ಇನ್ ಸಿಟು, ಮೇಡಂ. ಅಂದ್ರೆ ಹುಟ್ಟಿದ ಜಾಗದಲ್ಲೇ ಇವೆ. ಗೋಡೆ ಒಡೆದು ಹೊರಗೆ ಬಂದಿದ್ರೆ ಮಾತ್ರ ಇನ್ವೇಸಿವ್. ಸೂಜಿಯ ಚೂರಿನಲ್ಲಿ ಅದು ಪೂರಾ ತಿಳಿಯುದಿಲ್ಲ. ಗಂಟನ್ನೇ ತೆಗೆದು ನೋಡ್ಬೇಕು."

ಮೂವತ್ತೊಂದು ವರ್ಷ ಆ ಶಬ್ದವನ್ನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದವಳು ನಾನು. ಆ ಕ್ಷಣ, "ಇನ್ವೇಸಿವ್ ಅಂದರೆ?" ಎಂದು ಏನೂ ಓದದವಳಂತೆ ಕೇಳಿದೆ. ಅವಳು ಪೆನ್ನು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. ಸಿಟ್ಟು ಬಂತು ನನಗೆ. ಕೈ ಹಿಡಿಯುವಷ್ಟಾಯಿತೇ? "ಇದು ಎಲ್ಲಿಂದ ಬಂತು?" ಎಂದು ಗದರಿಸಿಯೇ ಕೇಳಿದೆ, ತೋಟಕ್ಕೆ ಕಳೆ ತಂದವರನ್ನು ಕೇಳುವ ಧಾಟಿಯಲ್ಲಿ. "ಎಲ್ಲಿಂದಲೂ ಬಂದದ್ದಲ್ಲ ಮೇಡಂ. ನಿಮ್ಮದೇ ಜೀವಕೋಶ" ಎಂದಳು. ನನ್ನದೇ ಅಂತೆ! ಹೊರಗಿನದೆಂದು ಯಾರನ್ನಾದರೂ ಬೈಯೋಣವೆಂದರೆ ಆ ಸುಖವೂ ಇಲ್ಲ. ಹೊರಡುವಾಗ ವೈಶಾಲಿ ತನ್ನ ಮನೆಮಾತಾದ ಕೊಂಕಣಿಗೆ ಇಳಿದು, "ಭಿಯೆವ್ ನಾಕಾ" ಎಂದಳು, ಹೆದರಬೇಡಿ ಎಂದು. ಪರೀಕ್ಷೆಯ ಹಾಲ್‌ನಲ್ಲಿ ನಾನು ಅವಳಿಗೆ ಹೇಳಬೇಕಾಗಿದ್ದ ಮಾತು.

ಹೊರಗೆ ಬಂದರೆ ಆಸ್ಪತ್ರೆಯ ಗೋಡೆಯ ಮೇಲೆ ಮಾರುದ್ದದ ಬೋರ್ಡು: "ಇಲ್ಲಿ ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ ಮಾಡಲಾಗುವುದು." ಸಣ್ಣ ತೂತಿನಿಂದ ಮಾಡುವ ಆಪರೇಶನ್ನಿಗೆ ಯಾವನೋ ಮಹಾನುಭಾವ ಶಬ್ದಕೋಶ ತೆರೆದಿಟ್ಟುಕೊಂಡು ಮಾಡಿದ ಕನ್ನಡ. ಕನಿಷ್ಠ ಆಕ್ರಮಣ ಎಂದರೆ ಏನು? ಸೈನ್ಯ ಬರುತ್ತದೆ, ಆದರೆ ಚಪ್ಪಲಿ ಹೊರಗೆ ಬಿಟ್ಟು ಬರುತ್ತದೆ ಎಂದೇ? ನಾನು ಅಲ್ಲೇ ನಿಂತು ಆ ಬೋರ್ಡನ್ನು ಬಾಯಿಗೆ ಬಂದಂತೆ ಬೈದೆ. ಸುಮಿತ್ರಾ ತಾಳ್ಮೆಯಿಂದ ಕೇಳಿಸಿಕೊಂಡು, "ಬೈದು ಮುಗೀತಾ? ಬಾ, ಸೋಡಾ ಶರಬತ್ತು ಕುಡಿಯುವಾ" ಎಂದಳು. ಹೆದರಿಕೆಯಾದಾಗ ನಾನು ಯಾರನ್ನಾದರೂ ಬೈಯುತ್ತೇನೆಂದು ಆ ಹೊತ್ತಿಗೇ ಅವಳು ಕಂಡುಹಿಡಿದಿದ್ದಳು.

ಆಪರೇಶನ್ನಿಗೆ ಇನ್ನೂ ಒಂದು ವಾರವಿರುವಾಗ ಪರಿಸರ ದಿನ ಬಂತು. ಹಾರವಾಡದ ಶಾಲೆಯಲ್ಲಿ ಆಕ್ರಮಣಕಾರಿ ಸಸ್ಯಗಳ ಬಗ್ಗೆ ಮಾತಾಡುತ್ತೇನೆಂದು ಮೊದಲೇ ಒಪ್ಪಿದ್ದೆ. ಬೇಡವೆನ್ನಬಹುದಿತ್ತು. ಆದರೆ ಮನೆಯಲ್ಲಿ ಕೂತು ಗಂಟು ಮುಟ್ಟಿ ಮುಟ್ಟಿ ನೋಡಿಕೊಳ್ಳುವುದಕ್ಕಿಂತ ಲಂಟಾನವನ್ನು ಬೈಯುವುದು ವಾಸಿ ಎನಿಸಿತು. ಸುಮಿತ್ರಾಳೂ ಜೊತೆಗೆ ಬಂದಳು. ಸಾಧಾರಣವಾಗಿ ಇಂಥ ಉಪನ್ಯಾಸಕ್ಕೆ ಒಂಬತ್ತು ಜನ ಬರುತ್ತಾರೆ, ಅದರಲ್ಲಿ ನಾಲ್ವರು ವ್ಯವಸ್ಥಾಪಕರು. ಹಾರವಾಡದಲ್ಲಿ ನೋಡಿದರೆ ಹಾಲ್ ತುಂಬಿ ಜಗಲಿಯಲ್ಲೂ ಜನ! ಹೆಂಗಸರು, ಗಂಡಸರು, ಬಲೆ ಬಿಟ್ಟು ಬಂದವರು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಪತ್ರ. ನೋಟ್ಸು ಮಾಡಿಕೊಳ್ಳಲು ತಂದಿರಬೇಕೆಂದು ನನ್ನ ಎದೆ ಉಬ್ಬಿತು. ಮೂವತ್ತೊಂದು ವರ್ಷದಲ್ಲಿ ಕಾಣದ ಗೌರವ ನಿವೃತ್ತಿಯ ಮೇಲೆ ಸಿಕ್ಕಿತೆಂದು ಒಂದು ತಾಸು ಮಾತಾಡಿದೆ. ಹೊರಗಿನಿಂದ ಬಂದು ನೆಲ ಹಿಡಿದವರನ್ನು ಬೇರುಸಹಿತ ಕಿತ್ತೊಗೆಯಬೇಕೆಂದು ಮೇಜು ಗುದ್ದಿದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉದಾಹರಣೆಗೆಂದು ನಮ್ಮ ಹಿತ್ತಲಿನ ಡೇಸಿಯ ಕತೆಯನ್ನೂ ಹೇಳಿ, "ತಂದವರು ಬೇರೆ ಯಾರೂ ಅಲ್ಲ, ಇಗೋ, ಮುಂದಿನ ಸಾಲಿನಲ್ಲಿ ಕೂತ ನಮ್ಮ ನಾದಿನಿ" ಎಂದು ಬೆರಳು ಮಾಡಿ ತೋರಿಸಿದೆ. ಎಲ್ಲರೂ ತಿರುಗಿ ನೋಡಿದರು. ಸುಮಿತ್ರಾ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಣ್ಣಗೆ ನಕ್ಕಳು.

ಪ್ರಶ್ನೆ ಕೇಳಬಹುದು ಎಂದೆ. ಹಿಂದಿನಿಂದ ಒಬ್ಬ ಅಜ್ಜ ಎದ್ದ. "ಮೇಡಂ, ಎಲ್ಲಾ ಸಮ. ನಮ್ಮ ಮೂರು ಗುಂಟೆ ಸಕ್ರಮ ಆಗ್ತದಾ ಇಲ್ಲಾ, ಅದೊಂದು ಹೇಳಿ." ನನಗೆ ತಲೆಬುಡ ತಿಳಿಯಲಿಲ್ಲ. ಮತ್ತೊಬ್ಬರು ಚೀಲದಿಂದ ನಕ್ಷೆ ತೆಗೆದರು. ಇನ್ನೊಬ್ಬರು ಹಳೇ ಅರ್ಜಿಯ ಪ್ರತಿ ತೆಗೆದರು. ಆಮೇಲೆ ವಿಷಯ ಹೊರಬಿತ್ತು. ಹಿಂದಿನ ದಿನ ರಿಕ್ಷಾದಲ್ಲಿ ಮೈಕು ಕಟ್ಟಿಕೊಂಡು ಸಾರಿದವನು, ಕೈಯಲ್ಲಿದ್ದ ಚೀಟಿಯ 'ಆಕ್ರಮಣ'ವನ್ನು 'ಅತಿಕ್ರಮಣ' ಎಂದು ಓದಿದ್ದ. ಅವನನ್ನು ಬೈಯುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಆಕ್ರಮಣ ಯಾರಿಗೆ ಗೊತ್ತು? ಅತಿಕ್ರಮಣ ಗೊತ್ತಿಲ್ಲದವರು ಯಾರು? ಅರಣ್ಯದ ಅಂಚಿನಲ್ಲೋ ಸರ್ಕಾರಿ ಜಾಗದಲ್ಲೋ ಮನೆ ಕಟ್ಟಿಕೊಂಡು, ಅದು ಸಕ್ರಮವಾಗಲಿ ಎಂದು ಅಪ್ಪನ ಕಾಲದಿಂದ ಅರ್ಜಿ ಹಿಡಿದು ಕೂತವರು ಊರೂರಿಗೆ ಇದ್ದಾರೆ. ಅತಿಕ್ರಮಣದ ಬಗ್ಗೆ ಮಾತಾಡಲು ಯಾರೋ ಮೇಡಂ ಬರುತ್ತಾರೆಂದು ಪಾಪ ಕೆಲಸ ಬಿಟ್ಟು ಬಂದಿದ್ದರು. "ಮತ್ತೆ ಇಷ್ಟ್ ಹೊತ್ತು ಎಂತಕ್ಕೆ ಗಿಡದ ಸುದ್ದಿ ಹೇಳ್ದೆ ನೀನು?" ಎಂದು ಮೀನು ಮಾರುವ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟು ಕೇಳಿದಳು. ಅವಳ ಹಿಂದಿನ ಮುದುಕಿ ಜಗಳವಾಡುವ ದನಿಯಲ್ಲಲ್ಲ, ನಿಜವಾಗಿಯೇ ಉತ್ತರ ಬೇಕೆನ್ನುವಂತೆ ಕೇಳಿದಳು: "ಕಿತ್ತೊಗೀರಿ ಹೇಳ್ದೆ ಅಲ್ಲ ತಂಗೀ, ನಮ್ಮ ಮನೆ ಮೊದ್ಲು ಕೆಳಗಿತ್ತು, ಸಮುದ್ರ ಬಂದು ಅತಿಕ್ರಮಣ ಮಾಡ್ತು. ಅದಕ್ಕೇ ಮೇಲೆ ಬಂದ್ವು. ಸಮುದ್ರಕ್ಕೆ ಯಾರು ನೋಟೀಸು ಕೊಡುದು?"

ನಾಚಿಕೆಯಿಂದ ಕುಗ್ಗಿಹೋದೆ. ಆಗ ಎದ್ದು ನಿಂತವಳು ಸುಮಿತ್ರಾ. ಕನ್ನಡಕ ಏರಿಸಿ, ಬೆಂಚು ಎಳೆದುಕೊಂಡು, "ಒಬ್ಬೊಬ್ಬರಾಗಿ ಬನ್ನಿ ನೋಡುವಾ. ಅಜ್ಜ, ನಿಮ್ಮ ನಕ್ಷೆ ಕೊಡಿ. ಇದರಲ್ಲಿ ಚೆಕ್ಕುಬಂದಿಯೇ ಬರೀಲಿಲ್ಲ, ನಾಲ್ಕೂ ದಿಕ್ಕಿನಲ್ಲಿ ಯಾರ ಜಾಗ ಅದೆ ಹೇಳಿ ಬರೀದೆ ಅರ್ಜಿ ಮುಂದೆ ಹೋಗುದು ಹೆಂಗೆ?" ಎಂದು ಶುರುಮಾಡಿದವಳು ಎರಡು ತಾಸು ಏಳಲಿಲ್ಲ. ಪರಿಸರ ದಿನಕ್ಕೆಂದು ಶಾಲೆಯವರು ಕೊಟ್ಟ ಗೇರುಸಸಿ ಮಡಿಲಲ್ಲಿಟ್ಟುಕೊಂಡು ನಾನು ಜಗಲಿಯಲ್ಲಿ ಕಾದು ಕೂತೆ. ನನ್ನ ಸಭೆಯನ್ನೂ ಅತಿಕ್ರಮಿಸಿದಳಲ್ಲ ಎಂದು ಹೊಟ್ಟೆ ಉರಿದದ್ದನ್ನು ಮುಚ್ಚಿಡುವುದಿಲ್ಲ.

ಆಪರೇಶನ್ನು ಆಯಿತು. ಗಂಟು ದೊಡ್ಡ ಊರಿನ ಲ್ಯಾಬಿಗೆ ಹೋಯಿತು, ನಾನು ಎಡಗೈ ಎತ್ತಲಾರದೆ ಮನೆಗೆ ಬಂದೆ. ಅಂದಿನಿಂದ ಹಿತೈಷಿಗಳ ದಾಳಿ. ರೋಗದ ಹೆಸರು ಹೇಳಿದರೆ ಅಂಟುತ್ತದೆಂಬಂತೆ ಎಲ್ಲರೂ "ಅದು" ಎನ್ನುವವರೇ. "ಅದು ನಮ್ಮ ದೊಡ್ಡಮ್ಮನಿಗೂ ಆಗಿತ್ತು" ಎಂದು ಶುರುಮಾಡಿ, ದೊಡ್ಡಮ್ಮ ಸತ್ತದ್ದು ನೆನಪಾಗಿ ಅರ್ಧಕ್ಕೇ ಚಹಾ ಹೀರುವವರು. ಒಬ್ಬರು ಲಕ್ಷ್ಮಣಫಲ ತಂದು, ಇದು ನಮ್ಮ ಪುರಾತನ ಔಷಧಿ ಎಂದರು. ಅದು ಸಾಗರ ದಾಟಿ ಬಂದ ಮರ ಎಂದು ಹೇಳಲು ಬಾಯಿ ತುರಿಸಿತು. ಸುಮಿತ್ರಾ ಕಣ್ಣಲ್ಲೇ ಗದರಿಸಿದಳು. ಜನರನ್ನು ಸಾಗಹಾಕುವುದರಲ್ಲಿ ಅವಳಿಗೆ ಸಮಾನರಿಲ್ಲ. ಐದು ನಿಮಿಷವಾಗುತ್ತಲೇ ಬಂದವರ ಚಪ್ಪಲಿಗಳನ್ನು ಬಾಗಿಲ ಕಡೆ ತಿರುಗಿಸಿ ಜೋಡಿಸುತ್ತಿದ್ದಳು. ಇಷ್ಟು ಒಳ್ಳೆಯ ಉಪಾಯ ನನಗೆ ಜನ್ಮದಲ್ಲಿ ಹೊಳೆದಿರಲಿಲ್ಲ.

ಅಷ್ಟರಲ್ಲಿ ಮಳೆಗಾಲ ಗಟ್ಟಿಯಾಗಿ ಹಿಡಿಯಿತು. ಬಚ್ಚಲಿನ ಮಾಡಿನಿಂದ ಒಲೆ ಅಡುಗೆಮನೆಗೆ ಬಂದದ್ದನ್ನು ನಾನು ಮಲಗಿದಲ್ಲಿಂದಲೇ ಮೂಗಿನಿಂದ ತಿಳಿದೆ. ಅದರಲ್ಲೂ ಮೀನುಗಾರಿಕೆಗೆ ರಜೆಯ ಕಾಲ. ತಾಜಾ ಮೀನು ಅಪರೂಪವಾಗಿ, ಒಣಮೀನು ಬಂತು. ಒಣಮೀನು ಸುಡುವ ವಾಸನೆಯ ಬಗ್ಗೆ ಸಸ್ಯಾಹಾರಿಗಳ ಪರವಾಗಿ ನಾನು ಹೇಳುವುದಿಷ್ಟೇ: ಅದಕ್ಕೆ ಗೋಡೆ, ಬಾಗಿಲು, ದಿಂಬು ಯಾವುದೂ ಅಡ್ಡವಲ್ಲ. ಎದ್ದು ಜಗಳವಾಡಬೇಕೆಂದು ಗೋಡೆ ಹಿಡಿದು ಅಡುಗೆಮನೆಗೆ ಹೋದೆ. ನನ್ನ ಪಾತ್ರೆಗಳೆಲ್ಲ ನನ್ನ ಹಲಗೆಯಲ್ಲಿ ತಿಕ್ಕಿ ಬೋರಲು ಹಾಕಿದ್ದವು. ಮೀನಿನದಕ್ಕೆಂದು ಅವಳು ಬೇರೆಯೇ ಒಂದು ಹೆಂಚು, ಒಂದು ಸೌಟು ತಂದು, ಹಿಡಿಗೆ ಕೆಂಪು ದಾರ ಕಟ್ಟಿದ್ದಳು. ನನ್ನ ಗಂಜಿ ಬೇರೆ ಒಲೆಯ ಮೇಲೆ ಬೇಯುತ್ತಿತ್ತು. "ನಿನ್ನ ಯಾವ್ದನ್ನೂ ಮುಟ್ಟಲಿಲ್ಲ ವೈನಿ" ಎಂದಳು. ಜಗಳಕ್ಕೆಂದು ಜೋಡಿಸಿಕೊಂಡು ಹೋದ ಮಾತೆಲ್ಲ ವ್ಯರ್ಥವಾಯಿತು. ಉಪ್ಪು ಕಡಿಮೆ ಎಂದು ಗಂಜಿಯನ್ನು ಬೈದು ಬಂದು ಮಲಗಿದೆ. ಅವಳು ಯಾಕೆ ಹೋಗದೆ ಉಳಿದಿದ್ದಾಳೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಒಪ್ಪಿಕೊಂಡರೆ ಹೆದರಿಕೆಯನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು.

ರಿಪೋರ್ಟು ಹನ್ನೆರಡನೇ ದಿನ ಬಂತು. ವೈಶಾಲಿ ಫೋನಿಗೇ ಕಳಿಸಿದ್ದಳು. ನನಗೆ ತೆರೆಯಲು ಧೈರ್ಯವಾಗಲಿಲ್ಲ, ನಮ್ಮವರು ಆಗಲೇ ದೇವರ ಮುಂದೆ ಕೂತಿದ್ದರು. ಸುಮಿತ್ರಾ ಫೋನು ಕಿತ್ತುಕೊಂಡು, ಕನ್ನಡಕ ಏರಿಸಿ, ಪಹಣಿ ಓದುವ ರಾಗದಲ್ಲಿ ಬೆರಳಿಟ್ಟು ಓದತೊಡಗಿದಳು. ಅವಳಿಗೆ ಅರ್ಥವಾಗದ ಶಬ್ದವನ್ನು ಅವಳು ಅಕ್ಷರ ಅಕ್ಷರವಾಗಿ ಹೇಳಬೇಕು, ನಾನು ಅರ್ಥ ಹೇಳಬೇಕು, ಹಾಗೆ ಸಾಗಿತು. "ಇನ್ವೇಷನ್, ಮುಂದೆ ನಾಟ್ ಸೀನ್ ಹೇಳಿ ಅದೆ" ಎಂದಳು. ಆಕ್ರಮಣ ಕಾಣಲಿಲ್ಲ ಎಂದು ಅರ್ಥ ಹೇಳಬೇಕಾದ ನಾನು ಅವಳ ತೋಳು ಹಿಡಿದುಕೊಂಡೆ. ಅವಳು ಮುಂದೆ ಓದಿದಳು: "ಮಾರ್ಜಿನ್ಸ್ ಕ್ಲಿಯರ್. ಮಾರ್ಜಿನ್ ಅಂದ್ರೆ ಅಂಚಲ್ಲ? ಮೇಲಿಷ್ಟು ಮಿಲಿಮೀಟರು, ಕೆಳಗಿಷ್ಟು, ಬಲಕ್ಕಿಷ್ಟು, ಎಡಕ್ಕಿಷ್ಟು." ತಟ್ಟನೆ ಫೋನು ಕೆಳಗಿಟ್ಟು ತೊಡೆ ತಟ್ಟಿದಳು. "ಅಯ್ಯೋ ವೈನಿ, ಇದು ನಂಗೆ ತಿಳೀತದೆ! ನಾಲ್ಕೂ ಚೆಕ್ಕುಬಂದಿ ಕ್ಲಿಯರ್! ಗಡಿಕಲ್ಲು ಕಿತ್ತಿಲ್ಲ. ಅತಿಕ್ರಮಣ ಇಲ್ಲ ಮಾರಾಯ್ತಿ, ಅತಿಕ್ರಮಣ ಇಲ್ಲ!" ಇಷ್ಟು ಹೇಳಿ ಗೋಡೆಗೆ ಮುಖಮಾಡಿ ಅಳಲು ಶುರುಮಾಡಿದಳು. ನಾನೂ ಅತ್ತುಬಿಟ್ಟೆ. ನಮ್ಮವರು ಏನಾಯಿತೆಂದು ತಿಳಿಯದೆ ಗಂಟೆ ಬಾರಿಸುತ್ತಲೇ ಇದ್ದರು.

ಮುಂದೆ ಊರವರು ಕರೆಂಟು ಕೊಡುವುದು ಎನ್ನುವ ರೇಡಿಯೇಶನ್ ಚಿಕಿತ್ಸೆ ಬೇಕಾದೀತು, ಅದು ಅಂಚಿನ ಕಾವಲಿಗೆ, ಹೆದರುವಂಥದ್ದಲ್ಲ ಎಂದು ವೈಶಾಲಿ ಹೇಳಿದಳು. ಮರುದಿನ ಬೆಳಿಗ್ಗೆ ಸುಮಿತ್ರಾ ಚೀಲ ತುಂಬಿಸಿ ಜಗಲಿಗೆ ತಂದಿಟ್ಟಳು. "ಮೂರು ಗಂಟೆ ಬಸ್ಸಿಗೆ ಹೋಗ್ತೆ ವೈನಿ. ಎರಡು ದಿನ ಹೇಳಿ ಬಂದವ್ಳು" ಎಂದಳು. ಆಮೇಲೆ ಕೈಚೀಲದಿಂದ ಏನೋ ತೆಗೆದು ನನ್ನ ಮುಂದಿಟ್ಟಳು. ಮಣ್ಣು ಹಿಡಿದ ಅಲ್ಯೂಮಿನಿಯಂ ಚೀಟಿ. "ಇದು ನಿಂದು. ಮೇ ತಿಂಗಳಲ್ಲಿ ಡೇಸಿ ಕೀಳುವಾಗ ಬುಡದಲ್ಲಿ ಸಿಕ್ಕಿತ್ತು. ರಿಪೋರ್ಟು ಬರ್ಲಿ ಹೇಳಿ ಇಟ್ಕಂಡಿದ್ದೆ." ಸೆರಗಿನಿಂದ ಒರೆಸಿ ನೋಡಿದೆ. ವೆಡೇಲಿಯಾ ಎಂದಿತ್ತು, ಡೇಸಿಗೆ ಶಾಸ್ತ್ರಜ್ಞರು ಹೊಸ ಹೆಸರಿಡುವ ಮೊದಲಿನ ಹಳೇ ಹೆಸರು. ಕೆಳಗೆ, ತಂದದ್ದು: ಕಾರವಾರ, ಕಾಲೇಜಿನ ತೋಟ. ಅದರ ಕೆಳಗೆ ನನ್ನದೇ ಇನಿಶಿಯಲ್ಲು. ಯಾವ ಕಾಲದಲ್ಲಿ ತಂದೆನೋ, ಹಳದಿ ಹೂವು ಚೆಂದವೆಂದು ಒಂದು ಕಡ್ಡಿ ಮುರಿದು ತಂದಿರಬೇಕು. ಅಕ್ಷರ ಮಾತ್ರ ನನ್ನದಲ್ಲವೆನ್ನುವಂತಿರಲಿಲ್ಲ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸಿದರು ಎಂಬ ಗಾದೆಯನ್ನು ಎಷ್ಟು ಜನರಿಗೆ ಅನ್ವಯಿಸಿದ್ದೆನೋ!

"ಹಾರವಾಡದಾಗ ಅಷ್ಟ ಮಂದಿ ಮುಂದ ನಿನ್ನ ಹೆಸರು ಹೇಳಿದ್ನೆಲ್ಲ, ಆಗ ಯಾಕ ತೆಗೀಲಿಲ್ಲ ಇದನ್ನ?" ಎಂದು ಕೇಳಿದೆ. ನನ್ನ ತಪ್ಪು ಸಿಕ್ಕಿಬಿದ್ದರೆ ನನಗೆ ಹಾವೇರಿಯ ಮಾತು ಬರುತ್ತದೆ. "ಚೀಲದಲ್ಲೇ ಇತ್ತು. ನಿಂಗೆ ಆಗ ಹೆದರಿಕೆ ಇತ್ತಲ್ಲೆ" ಎಂದಳು. ನಾನು ಎದ್ದು ಹಿತ್ತಲ ಬಾಗಿಲಿಗೆ ಬಂದು ನಿಂತೆ. ಅಡುಗೆಮನೆಯಲ್ಲಿ ನಮ್ಮವರು ಕೆಂಪು ದಾರದ ಹೆಂಚನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಏಲಕ್ಕಿ ಡಬ್ಬಿಯ ಮುಂದೆ ನಿಂತಿದ್ದರು. ಹೊರಗೆ ಮಳೆ.

"ಡೇಸಿ ಇನ್ನೂ ಅರ್ಧ ಹಂಗ ಉಳದೈತಿ" ಎಂದೆ, ಅವಳ ಕಡೆ ನೋಡದೆ.

"ಅದನ್ನ ಪೂರಾ ಕೀಳುಕೆ ಮೂರು ವರ್ಷ ಬೇಕು ವೈನಿ."

"ಅದಕ್ಕ ಹೇಳಿದ್ದು."

ಹಿಂದಿನಿಂದ ಚೀಲ ಎತ್ತಿ ಒಳಗೆ ಇಡುವ ಸದ್ದಾಯಿತು. "ರಜೆ ಇಲ್ಲದ ನಾಡದೋಣಿಯ ಬಂಗಡೆ ಬಂದದೆ ಹೇಳ್ತಿದ್ರು ಪೇಟೆಯಲ್ಲಿ. ಒಲೆ ಕಲ್ಲಿನ ಆಚೆಯಾ, ಈಚೆಯಾ?" ಎಂದು ಒಳಗಿನಿಂದಲೇ ಕೇಳಿದಳು. ಅಷ್ಟು ಸುಲಭಕ್ಕೆ ಸೋಲುವವಳೇ ನಾನು? "ಸಕ್ರಮಕ್ಕ ಅರ್ಜಿ ಹಾಕು, ನೋಡೂಣು" ಎಂದೆ.

"ಅರ್ಜಿ ನಾ ಹಾಕುದಾ, ನೀ ಹಾಕುದಾ?" ಎಂದು ನಗುತ್ತ ಬಾಗಿಲಿಗೆ ಬಂದಳು. "ಈ ಮನೇಲಿ ಹುಟ್ಟಿದವ್ಳು ನಾನು. ಬಂಗಡೆ ನನಗಿಂತ ಮೊದ್ಲಿಂದ ಅದೆ."

ನಾನು ಹಾಕಬೇಕಾದ ಅರ್ಜಿಯ ನಮೂನೆ ಹೇಗಿರುತ್ತದೆ ಎಂದು ಕೇಳಿದೆ.